ಮುಡಿಪಿನ ರೂಪಾಯಿ

“ಗುರುಗಳೇ, ಸಂಜೆಯ ಪ್ರಾರ್ಥನೆ ಹೇಳುವಾಗ ನನಗೆ ಕಣ್ಣೀರು ಬರುತ್ತದೆ. ಮೊದಲೆಲ್ಲ ಅದು ತಾನಾಗಿ ಬರುತ್ತಿತ್ತು. ಈಗ ತಾನಾಗಿ ಬರುವುದಿಲ್ಲ, ನಾನೇ ಬರಿಸಿಕೊಳ್ಳುತ್ತೇನೆ. ಕೇಳುವ ಜನಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅವರ ಮನಸ್ಸು ಮೊದಲಿನಷ್ಟೇ ಕರಗುತ್ತದೆ. ಯಾರಿಗೂ ಏನೂ ನಷ್ಟವಿಲ್ಲದಿರುವಾಗ ಇದರಲ್ಲಿ ತಪ್ಪೇನು?”

ಶಿಷ್ಯ ಹೀಗೆ ಕೇಳಿದ್ದು ಬೆಳಗಿನ ಪಾಠ ಮುಗಿದ ಮೇಲೆ, ಮಠದ ಜಗಲಿಯಲ್ಲಿ. ಗುರುಗಳು ತಪ್ಪು ಎನ್ನಲಿಲ್ಲ, ತಪ್ಪಲ್ಲ ಎಂದೂ ಅನ್ನಲಿಲ್ಲ. “ಕೂತುಕೋ,” ಎಂದು ಹೇಳಿ ಕತೆ ಶುರುಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ಅಕ್ಕಸಾಲಿ ಇದ್ದ. ಹೆಸರಿಲ್ಲದೆ ನಿನಗೆ ಕತೆ ರುಚಿಸುವುದಿಲ್ಲ ಎಂದಾದರೆ ಪುಟ್ಟಾಚಾರಿ ಎಂದಿಟ್ಟುಕೋ. ಚಿನ್ನ ಅವನ ಅಂಗಡಿಯ ಮೆಟ್ಟಿಲು ಹತ್ತಿದ್ದು ಕಡಿಮೆ. ಕಾಲುಂಗುರ ಬೆಸೆಯುವುದು, ಉಡಿದಾರದ ಕೊಂಡಿ ಸರಿಮಾಡುವುದು, ಇಂಥವೇ ಅವನ ಕೆಲಸ. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಾಗ ಮಾತ್ರ ಅವನಿಗೆ ತಲೆ ಎತ್ತಲು ಪುರುಸೊತ್ತಿರುತ್ತಿರಲಿಲ್ಲ. ಪೂಜೆಗೆ ಇಡುವ ಹಳೆಯ ಬೆಳ್ಳಿ ರೂಪಾಯಿಗಳನ್ನು ಹೆಂಗಸರು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ತರುತ್ತಿದ್ದರು. ಅವನು ಅವನ್ನು ಹುಣಸೆಹಣ್ಣಿನ ರಸದಲ್ಲಿ ನೆನೆಸಿ, ಅಂಟುವಾಳದ ನೊರೆಯಲ್ಲಿ ಉಜ್ಜಿ, ನಿನ್ನೆ ಟಂಕಸಾಲೆಯಿಂದ ಬಂದವೇನೋ ಎನ್ನುವ ಹಾಗೆ ಮಾಡಿ ಕೊಡುತ್ತಿದ್ದ. ಕಪ್ಪು ಹೋದರೆ ಲಕ್ಷ್ಮಿಗೆ ಸಂತೋಷ ಎಂದು ಅವರೂ ನಂಬಿದ್ದರು, ಅವನೂ ನಂಬಿದ್ದ.

ಹೆಂಡತಿ ತೀರಿಹೋಗಿದ್ದಳು. ಮನೆಯಲ್ಲಿ ಅವನು ಮತ್ತು ಅವನ ತಾಯಿ, ಇಬ್ಬರೇ. ದೇವರ ಗೂಡಿನಲ್ಲಿ ದೀಪದ ಮೇಲೆ ಒಂದು ಮೊಳೆ ಇತ್ತು. ಆ ಮೊಳೆಗೆ ಅರಿಶಿನದ ಬಟ್ಟೆಯ ಪುಟ್ಟ ಗಂಟೊಂದು ನೇತಾಡುತ್ತಿತ್ತು. ಅದು ತಾಯಿ ಕಟ್ಟಿದ ಮುಡಿಪು.

ಅವಳ ಹಿರಿಯ ಮಗ ನಂಜಾಚಾರಿ ಇಪ್ಪತ್ತು ವರ್ಷದವನಿದ್ದಾಗ ಅಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟು ಹೋಗಿದ್ದ. ಹೋಗುವಾಗ ತನ್ನ ಮೊದಲ ಸಂಪಾದನೆಯನ್ನು, ರಾಣಿಯ ಮುಖವಿರುವ ಒಂದು ಬೆಳ್ಳಿ ರೂಪಾಯಿಯನ್ನು, ತಾಯಿಯ ಕೈಯಲ್ಲಿಟ್ಟು ಹೋಗಿದ್ದ. ತಾಯಿ ಅದನ್ನು ಒಂದು ಬಿಲ್ಲೆ ಕರ್ಪೂರದ ಜೊತೆ ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಬೆಟ್ಟದ ದೇವರಿಗೆ ಹರಕೆ ಹೊತ್ತಳು. ಮಗ ತಿರುಗಿ ಬಂದರೆ ಇದೇ ರೂಪಾಯಿಯನ್ನು ನನ್ನ ಕೈಯಾರೆ ನಿನ್ನ ಹುಂಡಿಗೆ ಹಾಕುತ್ತೇನೆ ಎಂದಳು. ಮುಡಿಪಿನ ಕಟ್ಟಳೆ ನಿನಗೆ ಗೊತ್ತಲ್ಲ. ಕಟ್ಟಿದ ಮೇಲೆ ಬಿಚ್ಚುವಂತಿಲ್ಲ. ಬಿಚ್ಚುವುದಾದರೆ ಹುಂಡಿಯ ಮುಂದೆಯೇ ಬಿಚ್ಚಬೇಕು, ಕಟ್ಟಿದ ಕೈಯೇ ಬಿಚ್ಚಬೇಕು, ಕಟ್ಟಿದ ಕೈಯೇ ಹಾಕಬೇಕು. ಬದಲಿಗೆ ಬೇರೆ ರೂಪಾಯಿ ನಡೆಯುವುದಿಲ್ಲ. ಚಿನ್ನದ ಕಿರೀಟ ಮಾಡಿಸಿ ಒಪ್ಪಿಸಿದರೂ ಆ ಒಂದು ರೂಪಾಯಿಯ ಹರಕೆ ಹಾಗೆಯೇ ಉಳಿಯುತ್ತದೆ.

ಮೂವತ್ತು ವರ್ಷ ಕಳೆಯಿತು. ಜಗಳವಾಡಿದ ಅಪ್ಪ ತೀರಿಕೊಂಡ. ತಾಯಿಯ ಕಣ್ಣಿಗೆ ಪೊರೆ ಬಂತು. ಆದರೂ ಅವಳು ದಿನವೂ ದೀಪ ಹಚ್ಚಿ, ತಡಕಾಡಿ ಆ ಗಂಟನ್ನು ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಅವಳಿಗೆ ಬದುಕಿನಲ್ಲಿ ಬೇರೆ ಕೆಲಸ ಉಳಿದಿರಲಿಲ್ಲ.

ಒಂದು ವರ್ಷ ಹಬ್ಬದ ಮುಂಚೆ ಒಬ್ಬ ವ್ಯಾಪಾರಿ ಅಂಗಡಿಗೆ ಬಂದ. ಹಳೆಯ ನಾಣ್ಯ ಕೊಂಡು ನಗರದ ಶೋಕಿದಾರರಿಗೆ ಮಾರುವವನು. ತಟ್ಟೆಯಲ್ಲಿ ಫಳಫಳ ಹೊಳೆಯುತ್ತಿದ್ದ ರೂಪಾಯಿಗಳನ್ನು ನೋಡಿ ಅವನು ಹಣೆ ಹಣೆ ಚಚ್ಚಿಕೊಂಡ.

“ಏನ್ ಮಾಡಿಬಿಟ್ರಿ ಆಚಾರ್ರೇ! ಎಂಬತ್ತು ವರ್ಷ ಕೂತ ಬಣ್ಣಾನ ಹುಣಸೆಹಣ್ಣು ಹಾಕಿ ತೊಳೆದುಬಿಟ್ರಲ್ಲ!”

ಪುಟ್ಟಾಚಾರಿಗೆ ಅರ್ಥವಾಗಲಿಲ್ಲ. ವ್ಯಾಪಾರಿ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಒಂದು ರೂಪಾಯಿ ತೋರಿಸಿದ. ಅದು ಕಪ್ಪೂ ಅಲ್ಲ, ಬಿಳಿಯೂ ಅಲ್ಲ. ಪಾರಿವಾಳದ ಕತ್ತಿನ ಹಾಗೆ, ಆಚೆ ತಿರುಗಿಸಿದರೆ ನೀಲಿ, ಈಚೆ ತಿರುಗಿಸಿದರೆ ನೇರಳೆ. ತೊಳೆದ ರೂಪಾಯಿಗೆ ಬೆಳ್ಳಿಯ ತೂಕದ ಬೆಲೆ, ಇದಕ್ಕೆ ಅದರ ನಲವತ್ತರಷ್ಟು ಎಂದ ವ್ಯಾಪಾರಿ. ಪುಟ್ಟಾಚಾರಿ ಯಾಕೆ ಎಂದು ಕೇಳಿದ.

“ಬೆಳ್ಳಿ ಯಾರು ಬೇಕಾದ್ರೂ ಕೊಡ್ತಾರೆ. ಕಾಲ ಯಾರು ಕೊಡ್ತಾರೆ, ಹೇಳಿ?”

ವ್ಯಾಪಾರಿ ಹೊರಟುಹೋದ. ಪುಟ್ಟಾಚಾರಿ ತನ್ನ ಕೈಗಳನ್ನೇ ನೋಡುತ್ತ ಕೂತ. ಇಷ್ಟು ವರ್ಷ ಎರಡು ಕಾಸಿನ ಕೂಲಿಗೆ ನಲವತ್ತು ಪಟ್ಟು ಬೆಲೆಯನ್ನು ಉಜ್ಜಿ ಉಜ್ಜಿ ಚರಂಡಿಗೆ ಬಿಟ್ಟಿದ್ದೇನಲ್ಲ ಎಂದು ಅವನ ಹೊಟ್ಟೆ ಉರಿಯಿತು. ಆಗ ಅವನಿಗೆ ದೇವರ ಗೂಡಿನ ಗಂಟು ನೆನಪಾಯಿತು.

ತಾಯಿ ಪಕ್ಕದ ಮನೆಯ ಜಗಲಿಗೆ ಮಾತಾಡಲು ಹೋಗಿದ್ದಳು. ಅವನು ಮುಡಿಪನ್ನು ಇಳಿಸಿ ಬಿಚ್ಚಿದ. ಕರ್ಪೂರ ಕರಗಿ ಹೋಗಿತ್ತು. ರೂಪಾಯಿಯ ಅಂಚಿಗೆ ಕಡುನೀಲಿ ಬಂದಿತ್ತು, ಅದರ ಒಳಗೆ ನೇರಳೆ, ರಾಣಿಯ ಕೆನ್ನೆಯ ಮೇಲೆ ಒಣಹುಲ್ಲಿನ ಹಳದಿ. ವ್ಯಾಪಾರಿ ತೋರಿಸಿದ್ದು ಇದರ ಕಾಲಧೂಳಿಗೂ ಸಮನಲ್ಲ. ಮಾರುವ ಆಸೆ ಬಂತೇ ಎಂದು ನೀನು ಕೇಳಬಹುದು. ಇಲ್ಲ, ಅಷ್ಟು ಕೆಟ್ಟವನಲ್ಲ ಅವನು. ಅವನಿಗೆ ಬಂದದ್ದು ಕಸುಬುದಾರನ ಆಸೆ. ಕಾಲ ಮಾಡಿದ್ದನ್ನು ನನ್ನ ಕೈ ಯಾಕೆ ಮಾಡಬಾರದು ಎಂದುಕೊಂಡ. ಗಂಟನ್ನು ಮೊದಲಿನಂತೆ ಕಟ್ಟಿ ಮೊಳೆಗೆ ಹಾಕಿದ.

ಬೇರೊಂದು ಅರಿಶಿನದ ಬಟ್ಟೆಗೆ ಗಂಧಕದ ಪುಡಿ ಸವರಿದ. ಅದರಲ್ಲಿ ಬೆಳ್ಳಿಯ ತೂಕದ ಬೆಲೆಗೆ ಕೊಂಡ ಒಂದು ಹಳೆಯ ರೂಪಾಯಿ ಸುತ್ತಿ, ಕರ್ಪೂರ ಇಟ್ಟು, ಮಣ್ಣಿನ ಕುಡಿಕೆಯಲ್ಲಿ ಮುಚ್ಚಿ, ಬಿಸಿ ಬೂದಿಯಲ್ಲಿ ಹೂತ. ಮೊದಲ ಸಲ ತೆಗೆದಾಗ ರೂಪಾಯಿ ಇದ್ದಿಲಿನ ಹಾಗಿತ್ತು. ಎರಡನೆಯ ಸಲ ಅಲ್ಲಲ್ಲಿ ಕಲೆ ಬಿದ್ದಿತ್ತು. ಎಷ್ಟು ಗಂಧಕ, ಎಷ್ಟು ಬಿಸಿ, ಯಾವಾಗ ತೆಗೆಯಬೇಕು ಎನ್ನುವುದು ಕೈಗೆ ಹತ್ತಲು ಆರು ತಿಂಗಳು ಬೇಕಾಯಿತು. ಪ್ರತಿ ಸಲವೂ ಮುಡಿಪನ್ನು ಬಿಚ್ಚಿ, ತಾಯಿಯ ರೂಪಾಯಿಯನ್ನು ಮಾದರಿಗೆಂದು ಪಕ್ಕದಲ್ಲಿಟ್ಟುಕೊಂಡು ನೋಡುತ್ತಿದ್ದ. ಕೊನೆಗೆ ಏಳು ದಿನಕ್ಕೆ ಮೂವತ್ತು ವರ್ಷದ ಬಣ್ಣ ಬರತೊಡಗಿತು.

ವ್ಯಾಪಾರಿ ಭೂತಗನ್ನಡಿ ಹಿಡಿದು ನೋಡಿದ, ಒಪ್ಪಿದ. “ಇದು ಎಲ್ಲಿತ್ತು?” ಎಂದು ಕೇಳಿದ. ಕೊಳ್ಳುವವರಿಗೆ ಬಣ್ಣದ ಜೊತೆ ಅದರ ಕತೆಯೂ ಬೇಕಿತ್ತು. ಪುಟ್ಟಾಚಾರಿಗೆ ಗೊತ್ತಿದ್ದದ್ದು ಒಂದೇ ಕತೆ. ಒಬ್ಬ ತಾಯಿ ಕಟ್ಟಿದ ಮುಡಿಪು ಇದು, ಮಗ ಬರಲೇ ಇಲ್ಲ, ಅವಳು ಕಾದು ಕಾದು ಕಣ್ಣು ಕಳೆದುಕೊಂಡಳು ಎಂದ. ಹೇಳುವಾಗ ಅವನ ಕಣ್ಣಿನಲ್ಲಿ ನೀರು ಬಂತು. ಆ ದಿನ ಅದು ತಾನಾಗಿ ಬಂದ ನೀರು. ವ್ಯಾಪಾರಿ ಬೆಲೆಯನ್ನು ಮತ್ತಷ್ಟು ಏರಿಸಿದ. ಎರಡನೆಯ ರೂಪಾಯಿಗೆ ಊರಿನ ಹೆಸರು ಬದಲಾಯಿತು, ತಾಯಿಯ ಹೆಸರು ಬದಲಾಯಿತು, ಕತೆ ಅದೇ ಇತ್ತು, ಕಣ್ಣೀರೂ ಅದೇ ಜಾಗದಲ್ಲಿ ಬಂತು. ಹತ್ತನೆಯದರ ಹೊತ್ತಿಗೆ, ಯಾವ ಮಾತಿಗೆ ಗಂಟಲು ಕಟ್ಟಬೇಕು ಎನ್ನುವುದು ಅವನ ಗಂಟಲಿಗೇ ಗೊತ್ತಾಗಿತ್ತು.

ಅದೇ ದುಡ್ಡಿನಲ್ಲಿ ತಾಯಿಯ ಕಣ್ಣಿನ ಪೊರೆ ತೆಗೆಸಿದ. ಅವಳಿಗೆ ದೀಪ ಕಂಡಿತು, ಗಂಟು ಕಂಡಿತು, ಮಗನ ನರೆತ ಕೂದಲು ಕಂಡಿತು. ಕೊಂಡವನಿಗೆ ಸಂತೋಷ, ಮಾರಿದವನಿಗೆ ಅನುಕೂಲ, ತಾಯಿಗೆ ಕಣ್ಣು. ಇದರಲ್ಲಿ ನಷ್ಟ ಯಾರಿಗೆ ಎಂದು ಪುಟ್ಟಾಚಾರಿ ತನ್ನನ್ನೇ ಕೇಳಿಕೊಂಡ. ನೀನು ಈಗ ಕೇಳಿದೆಯಲ್ಲ, ಹಾಗೆಯೇ.

ಮುಂದೊಂದು ದಿನ ಹನ್ನೊಂದು ರೂಪಾಯಿ ಒಟ್ಟಿಗೆ ತಯಾರಾದವು. ಎಲ್ಲವೂ ಅದೇ ರಾಣಿಯವು, ಅದೇ ಇಸವಿಯವು. ವ್ಯಾಪಾರಿ ಕೇಳಿದ್ದೇ ಹಾಗೆ. ಪುಟ್ಟಾಚಾರಿ ಅವನ್ನು ಮಣೆಯ ಮೇಲೆ ಸಾಲಾಗಿ ಇಟ್ಟು, ಕೊನೆಗೆ ತಾಯಿಯ ರೂಪಾಯಿಯನ್ನು ಇಟ್ಟು ಹೋಲಿಸುತ್ತಿದ್ದ. ಅಷ್ಟರಲ್ಲಿ ವ್ಯಾಪಾರಿ ಒಳಗೆ ಬಂದ. ಮಾದರಿಯನ್ನು ಎತ್ತಿ ಒಳಗಿಡಬಹುದಿತ್ತು, ಒಂದು ಗಳಿಗೆಯ ಕೆಲಸ. ಅವನು ಎತ್ತಿಡಲಿಲ್ಲ. ಎಷ್ಟೋ ತಿಂಗಳಿಂದ ತನ್ನ ಕೈಚಳಕವನ್ನು ಯಾರಿಗೂ ಹೇಳಿಕೊಳ್ಳಲಾಗದೆ ಅವನ ನಾಲಿಗೆ ತುರಿಸುತ್ತಿತ್ತು. ಈ ಹನ್ನೆರಡರಲ್ಲಿ ತುಂಬ ಹಳೆಯ ಬಣ್ಣ ಯಾವುದು, ಆರಿಸಿ ನೋಡೋಣ ಎಂದು ಹೇಳಿ ನಕ್ಕ.

ವ್ಯಾಪಾರಿ ಒಂದೊಂದನ್ನೇ ಎತ್ತಿದ, ಬೆಳಕಿಗೆ ಹಿಡಿದ, ಇಲ್ಲಿದ್ದದ್ದನ್ನು ಅಲ್ಲಿಟ್ಟ, ಅಲ್ಲಿದ್ದದ್ದನ್ನು ಇಲ್ಲಿಟ್ಟ. ಕೊನೆಗೆ ಸೋತು ಎಲ್ಲವನ್ನೂ ಗುಡ್ಡೆ ಮಾಡಿದ. ಎಲ್ಲವೂ ಒಂದೇ ವಯಸ್ಸಿನವು ಎಂದ.

ಪುಟ್ಟಾಚಾರಿಯ ಎದೆ ಉಬ್ಬಿತು. ತನ್ನದನ್ನು ಎತ್ತಿಕೊಳ್ಳಲು ಕೈ ಚಾಚಿದ. ಕೈ ಗುಡ್ಡೆಯ ಮೇಲೆ ನಿಂತಿತು. ಇಷ್ಟು ದಿನ ಅವನು ಆ ರೂಪಾಯಿಯನ್ನು ಗುರುತಿಸಿದ್ದು ಅದನ್ನು ಇಟ್ಟ ಜಾಗದಿಂದ ಮಾತ್ರ. ಅದು ಅವನಿಗೆ ಆಗ ತಿಳಿಯಿತು.

ವ್ಯಾಪಾರಿಗೆ ಏನೋ ನೆವ ಹೇಳಿ ಸಾಗಹಾಕಿದ. ಬಾಗಿಲು ಹಾಕಿಕೊಂಡು ಕೂತ. ತೂಕ ಹಾಕಿ ನೋಡಿದ. ಒಂದೊಂದಕ್ಕೂ ಅದರದರ ಸವಕಲಿಗೆ ತಕ್ಕ ತೂಕವಿತ್ತು, ತಾಯಿಯದು ಎಷ್ಟಿತ್ತು ಎಂದು ಅವನು ಎಂದೂ ತೂಗಿರಲಿಲ್ಲ. ಮೂಸಿ ನೋಡಿದ. ಎಲ್ಲಕ್ಕೂ ಕರ್ಪೂರದ ವಾಸನೆ, ಅದನ್ನೂ ಅವನೇ ಹಾಕಿದ್ದ. ಅಕ್ಷರದ ಸಂದಿಗೆ ಇಳಿದ ಬಣ್ಣ ನೋಡೋಣವೆಂದರೆ, ಬಣ್ಣ ಸಂದಿಗೂ ಇಳಿಯುವ ಹಾಗೆ ಮಾಡಲು ಅವನು ಎರಡು ತಿಂಗಳು ಒದ್ದಾಡಿ ಗೆದ್ದಿದ್ದ. ಇನ್ನು ಉಳಿದದ್ದು ಹುಣಸೆಹಣ್ಣು. ತೊಳೆದರೆ ಸುಳ್ಳು ಬಣ್ಣ ಹೋಗುತ್ತದೆ, ನಿಜ. ನಿಜದ ಬಣ್ಣವೂ ಹೋಗುತ್ತದೆ. ಆಮೇಲೆ ಹನ್ನೆರಡೂ ಬೆಳ್ಳಗೆ ಕೂರುತ್ತವೆ.

ಮುಡಿಪಿನ ಬಟ್ಟೆ ಖಾಲಿ ಇರಬಾರದೆಂದು ಕೈಗೆ ಸಿಕ್ಕ ಒಂದನ್ನು ಅದರಲ್ಲಿ ಕಟ್ಟಿ ಮೊಳೆಗೆ ಹಾಕಿದ. ಉಳಿದ ಹನ್ನೊಂದನ್ನು ಮಾರಲು ಧೈರ್ಯ ಸಾಲಲಿಲ್ಲ, ಪೆಟ್ಟಿಗೆಯಲ್ಲಿಟ್ಟ. ತಾಯಿ ಎಂದಿನಂತೆ ದೀಪ ಹಚ್ಚಿದಳು, ಗಂಟು ಮುಟ್ಟಿದಳು. ಮೂವತ್ತು ವರ್ಷ ಬಾರದ ಅಣ್ಣ ಇನ್ನು ಬರುತ್ತಾನೆಯೇ, ಗಂಟು ಅಲ್ಲೇ ಇರುತ್ತದೆ, ಯಾರಿಗೂ ತಿಳಿಯುವುದಿಲ್ಲ ಎಂದು ಪುಟ್ಟಾಚಾರಿ ಸಮಾಧಾನ ಮಾಡಿಕೊಂಡ. ಅಣ್ಣ ಬಾರದಿರಲಿ ಎಂದು ಬಯಸುತ್ತಿದ್ದೇನೆ ಎನ್ನುವುದು ಅವನಿಗೆ ಒಂದು ದಿನ ಊಟದ ಎಲೆಯ ಮುಂದೆ ಹೊಳೆಯಿತು. ಅನ್ನವನ್ನು ಎಲೆಯಲ್ಲೇ ಬಿಟ್ಟು ಎದ್ದ.

ದೇವರು ಮಾತಿಗೆ ತಪ್ಪುವವನಲ್ಲ. ಎರಡು ತಿಂಗಳಿಗೆ ದೂರದ ಬಂದರಿನ ಊರಿಂದ ಒಂದು ಕಾರ್ಡು ಬಂತು. ಅದಾದ ವಾರಕ್ಕೆ ನಂಜಾಚಾರಿಯೇ ಬಂದ. ತಲೆ ಬೋಳಾಗಿತ್ತು, ಹಲ್ಲು ಬಿದ್ದಿದ್ದವು. ತಾಯಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಅಪ್ಪನ ಹಂಗೇ ಆಗಿದ್ದೀಯಲ್ಲೋ ನಂಜಾ,” ಎಂದಳು. ಆಮೇಲೆ ಕಿರಿಯ ಮಗನ ಕಡೆ ತಿರುಗಿದಳು. “ಪುಟ್ಟಾ, ನಾಳೇನೇ ಬೆಟ್ಟಕ್ಕೆ ಹೋಗನ. ದೇವರು ತನ್ನ ಮಾತು ನಡೆಸಿಕೊಟ್ಟ. ನಮ್ಮದು ತಡ ಆಗಬಾರದು.”

ದಾರಿ ಮುಚ್ಚಿರಲಿಲ್ಲ, ಅದನ್ನು ಮರೆಯಬೇಡ. ಹನ್ನೆರಡನ್ನೂ ತಾಯಿಯ ಕೈಗೆ ಕೊಟ್ಟು, ಹನ್ನೆರಡನ್ನೂ ಅವಳ ಕೈಯಾರೆ ಹುಂಡಿಗೆ ಹಾಕಿಸಿದ್ದರೆ ಅವಳದು ದೇವರಿಗೆ ಸೇರಿಯೇ ಸೇರುತ್ತಿತ್ತು. ಅದಕ್ಕೆ ಒಂದು ಮಾತು ಹೇಳಬೇಕಿತ್ತು, ಅಷ್ಟೇ. ಪುಟ್ಟಾಚಾರಿ ಹನ್ನೊಂದನ್ನು ಸೊಂಟದ ಚೀಲದಲ್ಲಿ ಕಟ್ಟಿಕೊಂಡೇ ಹೊರಟ. ಬಸ್ಸಿನಲ್ಲಿ ಹೇಳುತ್ತೇನೆ ಎಂದುಕೊಂಡ. ತಾಯಿ ಕಿಟಕಿಯ ಆಚೆ ನೋಡುತ್ತ ಮಗುವಿನ ಹಾಗೆ ಕೂತಿದ್ದಳು. ಬೆಟ್ಟ ಹತ್ತುವಾಗ ಹೇಳುತ್ತೇನೆ ಎಂದುಕೊಂಡ. ಅರ್ಧ ಮೆಟ್ಟಿಲು ಹತ್ತಿದ ಮೇಲೆ, “ಅವ್ವಾ,” ಎಂದ.

“ಏನೋ?”

“ಏನಿಲ್ಲ. ಮೆಟ್ಟಿಲು ನೋಡ್ಕಂಡು ಹತ್ತು.”

ಹುಂಡಿಯ ಮುಂದೆ ತಾಯಿ ಗಂಟು ಬಿಚ್ಚಿದಳು. ಬಿಚ್ಚಿ ಹಾಗೆಯೇ ನಿಂತಳು. ಅಂಗೈಯಲ್ಲಿ ನೀಲಿ, ನೇರಳೆ, ಒಣಹುಲ್ಲಿನ ಹಳದಿ. ಹೊಸದಾಗಿ ಬಂದ ಕಣ್ಣಿಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು.

“ನಂಜಾ, ಪುಟ್ಟಾ, ನೋಡ್ರೋ ಇಲ್ಲಿ. ನಾನು ಕಟ್ಟಿದಾಗ ಹಾಲಿನಂಗೆ ಬೆಳ್ಳಗಿತ್ತು. ನಾನು ಕಾದದ್ದೆಲ್ಲಾ ಇದರ ಮೈಮೇಲೆ ಬಂದು ಕೂತದೆ. ಒಂದು ದಿನಾನೂ ದೇವರು ಬಿಟ್ಟಿಲ್ಲ ಕಣ್ರೋ, ಎಲ್ಲಾ ಬರಕೊಂಡವನೆ!”

ಅವಳು ಅದನ್ನು ಕಣ್ಣಿಗೆ ಒತ್ತಿಕೊಂಡು ಹುಂಡಿಗೆ ಹಾಕಿದಳು. ಟಣ್ ಎಂದು ಸದ್ದಾಯಿತು. ನಂಜಾಚಾರಿ ನೆಲಕ್ಕೆ ಬಿದ್ದು ಗೋಳೋ ಎಂದು ಅತ್ತ. ಸಾಲಿನಲ್ಲಿ ನಿಂತಿದ್ದವರು ಕಣ್ಣೊರೆಸಿಕೊಂಡರು. ಪುಟ್ಟಾಚಾರಿಯ ಕಣ್ಣಲ್ಲೂ ನೀರು ಬಂತು. ಆದರೆ ಅದು ತಾಯಿ ‘ಕಾದದ್ದೆಲ್ಲಾ’ ಎಂದ ಮಾತಿಗೇ ಸರಿಯಾಗಿ ಬಂದಿತ್ತು. ವ್ಯಾಪಾರಿಯ ಮುಂದೆ ಕತೆ ಹೇಳುವಾಗ ಪ್ರತಿ ಸಲ ಬರುತ್ತಿದ್ದದ್ದು ‘ಕಾದು ಕಾದು’ ಎನ್ನುವ ಮಾತಿಗೆ. ಅವನು ಬೆಚ್ಚಿದ. ಮೂವತ್ತು ವರ್ಷದ ಮೇಲೆ ಅಣ್ಣ ಬಂದಿದ್ದ, ತಾಯಿಯ ಹರಕೆ ತೀರುತ್ತಿತ್ತು, ತನ್ನ ಅಳು ತನ್ನದೋ ಅಲ್ಲವೋ ಎನ್ನುವುದು ಅವನಿಗೆ ಗೊತ್ತಾಗಲಿಲ್ಲ.

ಸೊಂಟದ ಹನ್ನೊಂದನ್ನು ತಾನೇ ಹುಂಡಿಗೆ ಸುರಿಯಲು ಕೈ ಹಾಕಿದ. ಕಟ್ಟಿದ ಕೈ ತನ್ನದಲ್ಲ ಎಂದು ಕೈ ಹಿಂದೆ ತೆಗೆದ. ತಾಯಿ ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು, ಹತ್ತು ವರ್ಷ ಚಿಕ್ಕವಳಾದ ಹಾಗೆ.

ಮೂರು ತಿಂಗಳಿಗೆ ಅವಳು ತೀರಿಕೊಂಡಳು. ನೆಮ್ಮದಿಯಾಗಿ ಹೋದಳು ಎಂದು ಊರೆಲ್ಲ ಹೇಳಿತು. ಇನ್ನು ಹೇಳಬೇಕೆಂದರೂ ಕೇಳುವವರಿರಲಿಲ್ಲ, ಹಾಕುವ ಕೈಯೂ ಇರಲಿಲ್ಲ. ವ್ಯಾಪಾರಿ ಎರಡು ಪಟ್ಟು ಕೊಡುತ್ತೇನೆಂದು ಬಂದ, ಪುಟ್ಟಾಚಾರಿ ಪೆಟ್ಟಿಗೆ ತೆರೆಯಲಿಲ್ಲ. ಹನ್ನೊಂದರಲ್ಲಿ ಒಂದು ತಾಯಿಯದಾಗಿದ್ದರೆ ಮಾರುವುದು ಹೇಗೆ? ಒಂದೂ ತಾಯಿಯದಲ್ಲದಿದ್ದರೆ ಪೂಜೆಗಿಡುವುದು ಹೇಗೆ? ಈಗಲೂ ವರಮಹಾಲಕ್ಷ್ಮಿಯ ಹಿಂದಿನ ದಿನ ಅವನು ಹುಣಸೆಹಣ್ಣು ನೆನೆಸಿಕೊಂಡು, ಹನ್ನೊಂದನ್ನೂ ತಟ್ಟೆಯಲ್ಲಿಟ್ಟುಕೊಂಡು ಕೂರುತ್ತಾನೆ. ಒಂದನ್ನು ಎತ್ತಿಕೊಳ್ಳುತ್ತಾನೆ. ಇದೇ ಆಗಿದ್ದರೆ ಎಂದು ಕೆಳಗಿಡುತ್ತಾನೆ. ರಸ ಒಣಗುವವರೆಗೆ ಹೀಗೆಯೇ ಕೂತಿದ್ದು ಎದ್ದುಹೋಗುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಜಗಲಿಯ ಮೇಲೆ ಬಿಸಿಲು ಬಂದಿತ್ತು. ಶಿಷ್ಯ ತಲೆ ತಗ್ಗಿಸಿ ಕೂತಿದ್ದ. ತಲೆ ಎತ್ತದೆಯೇ ಕೇಳಿದ.

“ಗುರುಗಳೇ, ತಾಯಿ ಹುಂಡಿಗೆ ಹಾಕಿದ್ದು ಅವಳ ರೂಪಾಯಿಯೇ ಆಗಿರಬಹುದಲ್ಲವೇ?”

“ಆಗಿರಬಹುದು. ಅಷ್ಟು ಮಾತ್ರ ಅವನಿಗೆ ಉಳಿದಿರುವುದು.”

ಶಿಷ್ಯ ತಲೆ ಎತ್ತಿದ. ಅವನ ಎರಡೂ ಕಣ್ಣು ತುಂಬಿ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಗುರುಗಳು ಅದನ್ನು ನೋಡಿದರು.

“ಮಗು, ಈ ಕಣ್ಣೀರು ತಾನಾಗಿ ಬಂದದ್ದೋ, ನೀನು ಬರಿಸಿದ್ದೋ?”

ಶಿಷ್ಯ ಕೆನ್ನೆ ಮುಟ್ಟಿಕೊಂಡು, ಒದ್ದೆಯಾದ ಬೆರಳನ್ನೇ ನೋಡುತ್ತ ಕೂತ.